ದವಡೆಯಲ್ಲೇ ಉಳಿದ ಹೋಳಿಗೆ

ವಿಜಯಪುರದ ಜೋರಾಪುರ ಪೇಟೆಯ ರಾಜೇಶ್ವರಿಯವರ ಹಿತ್ತಲಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಟಿಕೋಟಾದಿಂದ ಮೊದಲ ಜೀಪಿಗೆ ಬಂದಿಳಿದ ಸಕ್ರವ್ವ ಸೆರಗನ್ನು ಬಾಯಿ ಮೂಗಿಗೆ ಬಿಗಿಯಾಗಿ ಕಟ್ಟಿಕೊಂಡು ಗೋಧಿ ಹಿಟ್ಟು ಸಾಣಿಸುತ್ತಿದ್ದಾರೆ. ನೋಡಿದವರು ‘ಎಂಥಾ ಮಡಿ’ ಎನ್ನುತ್ತಾರೆ. ಮಡಿಯೂ ಅಲ್ಲ, ಮಣ್ಣೂ ಅಲ್ಲ. ಆ ಹಿಟ್ಟು ಚಿಟಿಕೆಯಷ್ಟು ಹೊಟ್ಟೆಗೆ ಇಳಿದರೂ ಸಕ್ರವ್ವ ಎರಡು ದಿನ ನೆಟ್ಟಗೆ ನಿಲ್ಲಲಾರರು.

ಟಿಕೋಟಾ, ಬಬಲೇಶ್ವರ, ಇತ್ತ ವಿಜಯಪುರದ ಪೇಟೆಯವರೆಗೂ ಬೀಗರ ಊಟವೆಂದರೆ ಸಕ್ರವ್ವನ ಹೋಳಿಗೆಯೇ ಆಗಬೇಕು. ಒಂದು ಕಾರ್ಯಕ್ಕೆ ಐನೂರು, ಆರುನೂರು ಒಬ್ಬರೇ ಮಾಡುತ್ತಾರೆ. ನಾವು ಉಣ್ಣುವವರು ತುಪ್ಪ ಸುರಿದುಕೊಂಡು, ಹಾಲು ಹಾಕಿ ಕಿವುಚಿ, ಬೇಡ ಬೇಡ ಎನ್ನುತ್ತಲೇ ನಾಲ್ಕನೆಯದನ್ನೂ ಹಾಕಿಸಿಕೊಂಡು ಏಳುತ್ತೇವೆ. ಮಾಡಿದವರು ಯಾರೆಂದು ಒಬ್ಬನೂ ಹಿತ್ತಲಿಗೆ ಇಣುಕುವುದಿಲ್ಲ. ಇಣುಕಿದ್ದರೆ, ಗೋಡೆಗೆ ಮುಖ ಮಾಡಿ ಕೂತು, ಬುತ್ತಿಯ ಜೋಳದ ರೊಟ್ಟಿ ಪುಂಡಿ ಪಲ್ಯವನ್ನು ಕದ್ದವರಂತೆ ತಿನ್ನುವ ಹೆಂಗಸು ಕಾಣುತ್ತಿದ್ದರು.

ಬಬಲೇಶ್ವರದ ಕಡೆ ಕುರಿ ಕಾಯುವ ಮನೆಯಲ್ಲಿ ಹುಟ್ಟಿದವರು ಸಕ್ರವ್ವ. ಟಿಕೋಟಾಕ್ಕೆ ಸೊಸೆಯಾಗಿ ಬಂದ ಮೇಲೆ ಅತ್ತೆ ಹೋಳಿಗೆ ಕಲಿಸಿದರು. ಕೈ ಕುದುರಿತು, ಹೊಟ್ಟೆ ಕೆಟ್ಟಿತು. ಊರು ಅದನ್ನು ನೆದರು, ಕೆಟ್ಟ ಕಣ್ಣು ಎಂದಿತು, ನಿವಾಳಿಸಿ ಒಗೆಯಿತು. ಕಡೆಗೆ ಸೊಲ್ಲಾಪುರ ರಸ್ತೆಯ ದವಾಖಾನೆಯೊಂದರಲ್ಲಿ ಡಾಕ್ಟರು ಗಂಟಲಲ್ಲಿ ನಳಿಕೆ ಇಳಿಸಿ ನೋಡಿ, ಗೋಧಿ ಈ ಕರುಳಿಗೆ ಆಗಿಬರುವುದಿಲ್ಲ, ಜೋಳ, ಸಜ್ಜೆ, ಅಕ್ಕಿ ಬೇಕಾದಷ್ಟು ಉಣ್ಣಿ ಎಂದರು.

“ಸಾಹೇಬ್ರ, ನಾ ಹೋಳಿಗಿ ಮಾಡಾಕಿ ಅದೀನ್ರಿ ಅಂದೆ. ಮಾಡ್ರಿ, ತಿನಬ್ಯಾಡ್ರಿ ಅಂದ್ರು. ಅವ್ರಿಗೇನ್ ಗೊತ್ತರಿ ನಮ್ಮ ಮಂದಿ ಪದ್ಧತಿ.”

ಸಕ್ರವ್ವ ಹೋಗುವ ಮನೆಗಳ ಪದ್ಧತಿ ಹೀಗಿದೆ. ದೇವರ ಎಡೆ ಆದಮೇಲೆ, ಪಂಕ್ತಿಗೆ ಬಡಿಸುವ ಮುಂಚೆ, ಮನೆಯೊಡತಿ ಒಂದು ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿ, ಮಾಡಿದಾಕೆಯ ಬಾಯಿಗೆ ಇಡುತ್ತಾಳೆ. ಮಾಡಿದಾಕೆ ಎಲ್ಲರ ಎದುರು ತಿಂದು ‘ಚಲೋ ಆಗೇತಿ’ ಎನ್ನಬೇಕು. ಅದು ಮರ್ಯಾದೆ. ಒಲ್ಲೆ ಎಂದರೆ ಅಡುಗೆಯ ಮೇಲೇ ಅನುಮಾನ.

ಸಕ್ರವ್ವ ಒಲ್ಲೆ ಎನ್ನಲಿಲ್ಲ. ತುತ್ತನ್ನು ದವಡೆಯಲ್ಲಿ ಒತ್ತಿ ಹಿಡಿದು, ನಕ್ಕು, ತಲೆಯಾಡಿಸಿ, ಹಿತ್ತಲಿನ ಮೂಲೆಗೆ ಹೋಗಿ ಸೆರಗಿಗೆ ಉಗುಳುತ್ತಿದ್ದರು. ಹಾಗೆ ಮಾಡುತ್ತ ವರ್ಷಗಳೇ ಕಳೆದವು.

“ಅನ್ನಾ ಉಗುಳ್ತಿದ್ದೆರಿ. ನನ್ನ ಕೈಲೆ ಮಾಡಿದ್ದು. ಆ ಸೆರಗ ತೊಳಿಯೂ ಮುಂದ ನನ್ನ ಮಾರಿ ನನಗ ನೋಡಾಕ ಆಗ್ತಿರಲಿಲ್ಲ.”

ಎಷ್ಟು ಉಗುಳಿದರೂ ಒಂದಿಷ್ಟು ಇಳಿದೇ ಇಳಿಯುತ್ತಿತ್ತು. ಆ ಸಂಜೆಗಳಲ್ಲಿ “ಏನ್ ಬೇ, ಇವತ್ತ ಯಾರ ಹಿತ್ತಲಾ ನೋಡ್ಕೊಂಡ ಬಂದಿ?” ಎಂದು ಗಂಡ ಅಮೋಘಿ ಕಾಡುತ್ತಿದ್ದರು. ಗಂಜಿ ಕಾಸಿ ಕೊಡುವವರೂ ಅವರೇ.

ಹೋದ ಬೇಸಿಗೆಯಲ್ಲಿ ಇದೇ ರಾಜೇಶ್ವರಿಯವರ ಮನೆಯಲ್ಲಿ ಬೀಗರ ಊಟ. ಹೊಸ ಅಳಿಯ ಸಿದ್ದಲಿಂಗೇಶ ಎಲ್ಲರ ನಡುವೆ ಕೂತಿದ್ದ. ಅನ್ನ ಉಂಡ, ಪಲ್ಯ ಉಂಡ. ಹೋಳಿಗೆಯನ್ನು ಮಾತ್ರ ತಾಟಿನ ಆ ಅಂಚಿನಿಂದ ಈ ಅಂಚಿಗೆ ಸರಿಸುತ್ತಿದ್ದ. ರಾಜೇಶ್ವರಿಯವರ ಅಣ್ಣ ಗುರುಪಾದಯ್ಯ ಬಿಟ್ಟಾರೆಯೆ?

“ಏನ್ರಿ ಅಳಿಯಂದ್ರ, ನಮ್ಮನಿ ಹೋಳಿಗಿ ಕಹಿ ಆಗ್ಯಾವೇನು? ಬಂಗಾರದ್ದ ಮಾಡಿಸಬೇಕಿತ್ತೇನು?”

ಪಂಕ್ತಿ ನಕ್ಕಿತು. ಮುಖ ಸಣ್ಣದಾದ ರಾಜೇಶ್ವರಿ ತಾವೇ ಇನ್ನೊಂದು ತಂದು ಹಾಕಿದರು. ಅಳಿಯನ ಕಿವಿ ಕೆಂಪಾದವು. ಒಂದು ತುತ್ತು ಮುರಿದು ಬಾಯಿಗೆ ಇಟ್ಟುಕೊಂಡ, ನುಂಗಲಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತ ಸಕ್ರವ್ವ ಅದನ್ನು ಕಂಡರು.

“ತುತ್ತ ದವಡ್ಯಾಗ ಒತ್ತಿ ಹಿಡದಿದ್ದ. ಆ ದವಡಿ ಗುರುತು ನನಗೊಬ್ಬಾಕಿಗೆ ಹತ್ತೂದರಿ.”

ಹಿಟ್ಟಿನ ಕೈಯಲ್ಲೇ ಪಂಕ್ತಿಯ ನಡುವೆ ಬಂದು ಹೇಳಿದರು: “ಯಪ್ಪಾ, ಉಗುಳಿಬಿಡು, ನುಂಗಬ್ಯಾಡ. ” ಆಮೇಲೆ ಪಂಕ್ತಿಯತ್ತ ತಿರುಗಿ, “ಅವ್ರಿಗೆ ಸೇರಂಗಿಲ್ಲ ಅಂತಲ್ಲರಿ, ಗೋದಿ ಆಗಿಬರಂಗಿಲ್ಲ. ನನಗೂ ಆಗಿಬರಂಗಿಲ್ಲ.”

ಸಿದ್ದಲಿಂಗೇಶ ತಲೆ ಎತ್ತದೆ ಹೌದೆಂದ. ಅಳಿಯ ಬಚಾವಾದ. ಮಾತು ಸಕ್ರವ್ವನ ಕಡೆ ತಿರುಗಿತು.

“ಅಂದ್ರ ಇಷ್ಟ ದಿನಾ ರೋಗಿಷ್ಟಿ ಕೈಲೆ ಉಂಡೇವಿ ಅನ್ನು” ಎಂದರು ಗುರುಪಾದಯ್ಯ. ಈ ಸಲ ಯಾರೂ ನಗಲಿಲ್ಲ. ಕೆಲವರು ತಾಟು ಸರಿಸಿ ಎದ್ದರು.

ಅಂಟುವ ರೋಗವಲ್ಲ, ಹರಡುವ ರೋಗವಲ್ಲ. ಆದರೂ ಮೊದಲೇ ಗೊತ್ತುಮಾಡಿದ್ದ ಕಾರ್ಯಗಳು ಒಂದೊಂದಾಗಿ ತಪ್ಪಿದವು. ಸಕ್ರವ್ವ ಓಣಿಯಲ್ಲಿ ತಲೆ ತಗ್ಗಿಸಿ ನಡೆದರು. ಬಾಯಿಗೆ ತುರುಕಿದವರು ಎದೆ ಸೆಟೆಸಿ ನಡೆದರು. ಉಣ್ಣಲಾರದವನನ್ನು ನಡುಪಂಕ್ತಿಯಲ್ಲಿ ಕೂರಿಸಿ ನಕ್ಕ ನಮ್ಮ ಬಾಯಿಗೆ ನಾಚಿಕೆ ಯಾವತ್ತು ಬರುತ್ತದೋ.

ಕೈ ಖಾಲಿ ಇದ್ದ ಆ ದಿನಗಳಲ್ಲಿ ಸಕ್ರವ್ವ ಕುದಿಯುವ ಎಸರಿಗೆ ಜೋಳದ ಹಿಟ್ಟು ಹಾಕಿ ನಾದಿ, ಹೂರಣ ತುಂಬಿ, ಒದ್ದೆ ಬಟ್ಟೆಯ ಮೇಲೆ ತಟ್ಟಿದರು. ಬಿರಿಯಿತು. ಮತ್ತೆ ತಟ್ಟಿದರು, ಹೂರಣ ಹೊರಗೆ ಬಂತು. ಕಡೆಗೊಂದು ದಿನ ಬಿರಿಯದೆ ಬೆಂದಿತು. ಅಲ್ಲಿಯವರೆಗೆ ಬಿರಿದದ್ದನ್ನೆಲ್ಲ ತಿಂದವರು ಅಮೋಘಿ. “ಇನ್ನೂ ಸ್ವಲ್ಪ ದಿನಾ ಸರಿ ಬರದಿದ್ರ ಚಲೋ ಇತ್ತು” ಎಂದು ಈಗಲೂ ಹೇಳುತ್ತಾರೆ.

ಇವತ್ತು ರಾಜೇಶ್ವರಿ ಮತ್ತೆ ಕರೆಸಿದ್ದಾರೆ. ದೊಡ್ಡ ಗುಣವೇನಲ್ಲ, ಅಳಿಯ ಬರುತ್ತಾನೆ, ಅವನಿಗೆ ಜೋಳದ ಹೋಳಿಗೆ ಮಾಡುವವರು ಬೇರೆ ಇಲ್ಲ. ಗೋಧಿ ಹೋಳಿಗೆ ಮುಗಿಸಿ, ಕೈ ತೊಳೆದು, ಸೀರೆ ಬದಲಿಸಿ, ಸಕ್ರವ್ವ ಹಿತ್ತಲಿನ ಇನ್ನೊಂದು ತುದಿಗೆ ಬೇರೆ ಒಲೆ ಹೂಡುತ್ತಾರೆ. ಊರಿಂದ ಹೊತ್ತು ತಂದ ಬೇರೆ ಹಂಚು, ಬೇರೆ ಬಟ್ಟೆ.

ಎಡೆ ಆಗುತ್ತದೆ. ರಾಜೇಶ್ವರಿ ತುಪ್ಪದ ಬಟ್ಟಲು ಹಿಡಿದು ಬಂದು, ಎರಡು ಒಲೆಗಳ ನಡುವೆ ಒಂದು ಗಳಿಗೆ ನಿಲ್ಲುತ್ತಾರೆ. ಆಮೇಲೆ ಜೋಳದ್ದನ್ನು ಮುರಿದು ಸಕ್ರವ್ವನ ಬಾಯಿಗೆ ಇಡುತ್ತಾರೆ. ಕ್ಷಮೆಯ ಮಾತೇನೂ ಆಡುವುದಿಲ್ಲ.

ಸಕ್ರವ್ವನ ಕೈ ರೂಢಿಯಿಂದ ಸೆರಗಿಗೆ ಹೋಗುತ್ತದೆ. ಅಲ್ಲೇ ನಿಲ್ಲುತ್ತದೆ. ನಿಧಾನಕ್ಕೆ ಅಗಿದು, ನುಂಗುತ್ತಾರೆ.

“ಹ್ಯಾಂಗ ಆಗೇತಿ?” ರಾಜೇಶ್ವರಿ ಕೇಳುತ್ತಾರೆ.

ಇಷ್ಟು ವರ್ಷ ರುಚಿಯೇ ತಿಳಿಯದೆ ‘ಚಲೋ ಆಗೇತಿ’ ಎಂದ ಬಾಯಿ ಈ ಸಲ ತಡೆಯುತ್ತದೆ.

“ಯಾಲಕ್ಕಿ ಒಂದೀಟು ಹೆಚ್ಚಾಗೇತ್ರಿ.”