ಹುಗ್ಗಿಗೆ ಹಾಕಿದವರು

ಹೋಳಿಗೆ ತಿನ್ನುವಾಗಲೆಲ್ಲ ನನಗೆ ಪ್ರಜಾಪ್ರಭುತ್ವ ನೆನಪಾಗುತ್ತದೆ. ಇದನ್ನು ಹೊರಗೆ ಹೇಳಿಕೊಳ್ಳುವುದು ಕಷ್ಟ. ಹಬ್ಬದ ದಿನ ಹೆಂಡತಿ ಬಿಸಿ ಹೋಳಿಗೆಯ ಮೇಲೆ ತುಪ್ಪ ಸುರಿದು ಹೇಗಾಗಿದೆ ಎಂದು ಕೇಳಿದಾಗ ನಾನು ಮತಪೆಟ್ಟಿಗೆಯ ವಿಚಾರ ಎತ್ತಿದರೆ, ಆಕೆ ನನ್ನ ತಾಟನ್ನೇ ಎತ್ತಿಕೊಂಡು ಹೋದಾಳು. ಹಾಗೆ ಒಮ್ಮೆ ಹೋಗಿಯೂ ಇದ್ದಾಳೆ. ಆದ್ದರಿಂದ ಆಕೆಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತಿದ್ದೇನೆ. ನನ್ನ ತಾಟು ನಿಮ್ಮ ಕೈಯಲ್ಲಿಲ್ಲ ಎಂಬುದೊಂದೇ ಧೈರ್ಯ.

ನಮ್ಮ ಸೀಮೆ ನಿಜಾಮರ ಕೈತಪ್ಪಿ ಹಿಂದುಸ್ತಾನಕ್ಕೆ ಸೇರಿದ ಕೆಲವೇ ವರ್ಷಕ್ಕೆ ಮೊದಲ ಚುನಾವಣೆ ಬಂತು. ನಾನಾಗ ಶಹಾಪುರದ ಶಾಲೆಯಲ್ಲಿ ಹೊಸ ಮಾಸ್ತರ. ನಾನು ಓದಿದ್ದೆಲ್ಲ ಉರ್ದುವಿನಲ್ಲಿ, ಕಲಿಸಬೇಕಾಗಿ ಬಂದದ್ದು ಕನ್ನಡದಲ್ಲಿ. ಹೀಗಾಗಿ ಇವತ್ತು ಮಕ್ಕಳಿಗೆ ಹೇಳುವ ಪಾಠವನ್ನು ನಿನ್ನೆ ಸಂಜೆ ನಾನೇ ಕಲಿತಿರುತ್ತಿದ್ದೆ. ಊರಿನ ವಾಚನಾಲಯದಲ್ಲಿ ಪತ್ರಿಕೆ ಓದಲು ಕೂಡುತ್ತಿದ್ದ ನಾವು ಕೆಲವರು, ಹಳ್ಳಿಗಳಿಗೆ ಹೋಗಿ ಓಟು ಹಾಕುವುದು ಹೇಗೆಂದು ಜನರಿಗೆ ತಿಳಿಸಿ ಬರೋಣ ಎಂದು ಹೊರಟೆವು. ಯಾರೂ ಕರೆದಿರಲಿಲ್ಲ, ಯಾರೂ ಕಳಿಸಿರಲಿಲ್ಲ. ಕೆಲವರು ಸುರಪುರದ ಕಡೆ ಹೋದರು. ಭೀಮಾ ನದಿಯ ದಂಡೆಯ ಊರುಗಳು ನನ್ನ ಮತ್ತು ರಾಚಪ್ಪನ ಪಾಲಿಗೆ ಬಂದವು. ರಾಚಪ್ಪನದು ಬಟ್ಟೆ ಅಂಗಡಿ. ಅರಿವೆ ಅಳೆಯುತ್ತ ಅಳೆಯುತ್ತ ಮನುಷ್ಯರನ್ನೂ ಅಳೆಯುವುದು ಅವನಿಗೆ ರೂಢಿಯಾಗಿತ್ತು. ನಮ್ಮ ಗುಂಪಿಗೆ ಇದ್ದದ್ದು ಒಂದೇ ನಿಯಮ: ಯಾರಿಗೆ ಹಾಕಿ ಎಂದು ಹೇಳಬಾರದು, ಯಾರಿಗೆ ಹಾಕಿದಿರಿ ಎಂದು ಕೇಳಬಾರದು.

ಮೊದಲ ಭಾಷಣದಲ್ಲಿಯೇ ನಾನು ಮುಗ್ಗರಿಸಿದೆ. ನಾನು ಉರ್ದುವಿನಲ್ಲಿ ಕಲಿತದ್ದು ‘ಜಮ್ಹೂರಿಯತ್’; ಅದನ್ನು ಬಿಟ್ಟು, ಪತ್ರಿಕೆಯಲ್ಲಿ ಓದಿ ಬಾಯಿಪಾಠ ಮಾಡಿಕೊಂಡಿದ್ದ ‘ಪ್ರಜಾಪ್ರಭುತ್ವ’ ಎಂಬ ಪದವನ್ನು ಉಸಿರು ಕಟ್ಟಿ ಮೇಲಿಂದ ಮೇಲೆ ಹೇಳಿದೆ. ಪ್ರಜಾಪ್ರಭುತ್ವ ಬರುತ್ತದೆ, ಬಂದು ಎಲ್ಲವನ್ನೂ ಸರಿ ಮಾಡುತ್ತದೆ ಎಂದೆ. ಎಲ್ಲ ಕೇಳಿದ ಮೇಲೆ ಒಬ್ಬ ಮುದುಕ ಕೈಮುಗಿದು, ಆ ಸಾಹೇಬರು ಯಾದಗಿರಿಯ ತನಕ ರೈಲಿನಲ್ಲಿ ಬರುತ್ತಾರೋ ಅಥವಾ ನೇರ ಮೋಟಾರಿನಲ್ಲೇ ಬರುತ್ತಾರೋ ಎಂದು ಕೇಳಿದ. ರಾಚಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡ. ಆಮೇಲೆ ಭಾಷಣದ ಭಾರವನ್ನು ಅವನೇ ಹೊತ್ತ, ನನಗೆ ಸೈಕಲ್ಲಿನ ಭಾರ ಬಿಟ್ಟ.

ಜನರ ಸಂಶಯಗಳೂ ಬಗೆಬಗೆಯವು. ಬೆರಳಿಗೆ ಹಚ್ಚುವ ಮಸಿ ಎದೆಗೆ ಇಳಿಯುತ್ತದೆಯೇ? ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಬಹುದೇ? ಚೀಟಿಯ ಮೇಲೆ ಗುರುತು ಒತ್ತುವುದೇನೂ ಇರಲಿಲ್ಲ. ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವನ ಚಿಹ್ನೆ; ಮರೆಯಲ್ಲಿ ಹೋಗಿ ಮನಸ್ಸಿಗೆ ಬಂದ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬರುವುದು. ಇದನ್ನು ಹೇಳಿಕೊಡುವುದು ಸುಲಭವಾಗಿತ್ತು. ಹಾಕಿದ್ದು ಯಾರಿಗೂ ಗೊತ್ತಾಗುವುದಿಲ್ಲ ಎಂದು ನಂಬಿಸುವುದು ಮಾತ್ರ ನಮ್ಮ ಕೈಲಾಗಲಿಲ್ಲ. ಊರು ಎಂದರೇನೇ ಒಬ್ಬರದು ಎಲ್ಲರಿಗೂ ಗೊತ್ತಿರುವ ಜಾಗ. ಯಾರ ಮನೆಯಲ್ಲಿ ಯಾವ ಪಲ್ಯ ಎಂಬುದು ಒಗ್ಗರಣೆ ಸಿಡಿಯುವ ಮೊದಲೇ ಓಣಿಗೆಲ್ಲ ತಿಳಿದಿರುತ್ತದೆ. ಅಲ್ಲಿ ಗುಟ್ಟು ಎಂಬ ಮಾತನ್ನು ಯಾರು ನಂಬುತ್ತಾರೆ?

ಅದರಲ್ಲೂ ವಡಗೇರಿಯ ಕಡೆಯ ಒಂದು ಊರಿನಲ್ಲಿ ಯಾರೂ ನಂಬಲಿಲ್ಲ. ಊರಿನ ಹೆಸರು ಹೇಳುವುದಿಲ್ಲ, ಅದರ ಗುಟ್ಟು ಅದಕ್ಕೇ ಇರಲಿ. ಅಲ್ಲಿಯ ಗೌಡರು ಯಾರೋ ಒಬ್ಬ ಉಮೇದುವಾರನಿಗೆ ಊರಿನ ಓಟೆಲ್ಲ ನಿನಗೇ ಎಂದು ಮಾತು ಕೊಟ್ಟಿದ್ದರು. ಯಾರ್‍ಯಾರು ಯಾವ ಪೆಟ್ಟಿಗೆಯಲ್ಲಿ ಹಾಕಿದರು ಎಂಬುದು ಸಂಜೆಯೊಳಗೆ ತಮಗೆ ತಿಳಿಯುತ್ತದೆಂದು ಚಾವಡಿಯಲ್ಲಿ ಕೂತು ಹೇಳಿದ್ದರು. ದೊಡ್ಡ ಮೈ, ದೊಡ್ಡ ಮೀಸೆ, ಕೆಟ್ಟ ಮನುಷ್ಯರೇನಲ್ಲ. ಆದರೆ ಊರಿನಲ್ಲಿ ಅವರ ಮಾತಿಗೆ ಎರಡನೆಯ ಮಾತು ಹುಟ್ಟಿರಲಿಲ್ಲ. ಮತಗಟ್ಟೆ ಇದ್ದದ್ದು ನದಿಯ ಆಚೆ ದಂಡೆಯ ಊರಿನ ಶಾಲೆಯಲ್ಲಿ. ದಾಟಿಸಬೇಕಾದವಳು ಅಂಬಿಗರ ಓಣಿಯ ಭೀಮವ್ವ. ಗಂಡ ತೀರಿದ ಮೇಲೆ ಹರಗೋಲು ನಡೆಸುತ್ತಿದ್ದ ಗಟ್ಟಿ ಹೆಂಗಸು. ಕಡವಿನಲ್ಲಿ ಹರಗೋಲು ಯಾರು ಹಾಕಬೇಕೆಂಬುದು ಗೌಡರ ಬಾಯಿಮಾತಿನ ಮೇಲೆ ನಿಂತಿತ್ತು. ಅವರು ಬೇಡವೆಂದರೆ ಮರುದಿನ ಆಕೆಯ ಒಲೆ ಉರಿಯುತ್ತಿರಲಿಲ್ಲ. ಆ ಗೊಡವೆಯೇ ಬೇಡವೆಂದು, ಓಟಿನ ದಿನ ಹರಗೋಲನ್ನು ಬೋರಲು ಹಾಕಿ ಮನೆಯಲ್ಲೇ ಕೂಡುವುದೆಂದು ಆಕೆ ನಿಶ್ಚಯಿಸಿದ್ದಳು. ಆಕೆ ಕೂತರೆ ಓಣಿಯೇ ಕೂತಂತೆ. ಮುದುಕರು, ಕುಂಟರು, ಕಂಕುಳ ಕೂಸಿನವರು ನದಿ ದಾಟುವ ಬಗೆಯೇ ಇರಲಿಲ್ಲ. ನಾನು ಆಕೆಯ ಗುಡಿಸಲ ಮುಂದೆ ನಿಂತು ಪೆಟ್ಟಿಗೆಯ ವರ್ಣನೆ ಮಾಡಿದೆ. ಆಕೆ ಬಲೆಯ ಹರಕು ಹೆಣೆಯುತ್ತ ಎಲ್ಲವನ್ನೂ ಕೇಳಿದಳು.

‘ಪೆಟ್ಟಿಗಿಗಿ ಕಣ್ಣಿಲ್ಲ ಅಂತೀರಿ ಮಾಸ್ತರ್ರೆ, ಖರೇ. ಗೌಡರಿಗಿ ಅದಾವಲ್ರಿ. ನೀರಾಗ ಇದ್ದು ಮೊಸಳಿ ಕೂಡ ನನಗ್ಯಾಕ್ರಿ ವೈರ?’

ಇದನ್ನು ಕೇಳಿದ್ದೇ ರಾಚಪ್ಪ ನೇರ ಗೌಡರ ಮನೆಗೆ ನಡೆದ. ಅವರ ಮನೆಯಲ್ಲಿ ಮೊಮ್ಮಗನ ಮೊದಲ ಕೂದಲು ತೆಗೆಸುವ ಜವಳ ಹತ್ತಿರ ಬಂದಿತ್ತು, ಅವತ್ತು ಊರಿಗೆಲ್ಲ ಊಟ. ಊಟಕ್ಕೆ ಏನು ಎಂದು ಯಾರೂ ಕೇಳುವ ಹಾಗಿರಲಿಲ್ಲ, ಗೋಧಿ ಹುಗ್ಗಿಯೇ. ಗೌಡರಿಗೆ ಹುಗ್ಗಿ ಎಂದರೆ ಜೀವ ಎಂಬುದು ಹತ್ತೂರಿಗೆ ಗೊತ್ತಿದ್ದ ಸಂಗತಿ. ಅವರು ಉಣ್ಣಲು ಬರುವ ಮನೆಯಲ್ಲಿ ಹುಗ್ಗಿ, ಅವರು ಬರುವ ಮದುವೆಯಲ್ಲಿ ಹುಗ್ಗಿ. ಆ ಊರು ಬೆಲ್ಲದ ಪಾಕದಲ್ಲಿಯೇ ಬೆಳೆದಿತ್ತು ಅನ್ನಿ. ರಾಚಪ್ಪ ಕೂತು, ಚಹಾ ಕುಡಿದು, ಹುಗ್ಗಿಯೋ ಹೋಳಿಗೆಯೋ ಎಂದು ಊರವರಿಂದ ಓಟು ಹಾಕಿಸಿ ನೋಡೋಣವೇ, ಜನಕ್ಕೆ ರೂಢಿಯಾದ ಹಾಗೂ ಆಗುತ್ತದೆ ಎಂದ. ಗೌಡರು ನಕ್ಕು ಒಪ್ಪಿದರು. ಗೆಲ್ಲುವುದು ಖಾತ್ರಿಯಿದ್ದವರಿಗೆ ಚುನಾವಣೆಯ ಮೇಲೆ ಪ್ರೀತಿ ಜಾಸ್ತಿ.

ಗಡಿಗೆಯಲ್ಲಿ ಮತ ಹಾಕುವುದು ನಮ್ಮ ಹೊಸ ಶೋಧವೇನಲ್ಲ. ಬಹಳ ಹಿಂದೆ ತಮಿಳು ಸೀಮೆಯ ಊರಸಭೆಗಳಲ್ಲಿ ಓಲೆಯ ಮೇಲೆ ಹೆಸರು ಬರೆದು ಗಡಿಗೆಗೆ ಹಾಕಿ, ಅದರಿಂದ ಎತ್ತಿ ಹಿರಿಯರನ್ನು ಆರಿಸುತ್ತಿದ್ದರಂತೆ. ಅವರ ಗಡಿಗೆಯಲ್ಲಿ ಪಂಡಿತರು ಹೊರಬಂದರು, ನಮ್ಮ ಗಡಿಗೆಯಲ್ಲಿ ಅಡುಗೆ ಹೊರಬರಬೇಕಿತ್ತು. ಅಷ್ಟೇ ವ್ಯತ್ಯಾಸ.

ಊರು ಚಾವಡಿಯ ಮುಂದೆ ನೆರೆಯಿತು. ಮೊದಲು ಎಲ್ಲರೆದುರಿಗೇ ಕೈ ಎತ್ತಿಸಿದೆವು. ಹುಗ್ಗಿ ಎಂದಾಗ ಗೌಡರ ಮುಖ ನೋಡುತ್ತ ಎಲ್ಲ ಕೈಗಳೂ ಎದ್ದವು. ಹೋಳಿಗೆ ಎಂದಾಗ ಒಂದೂ ಏಳಲಿಲ್ಲ. ನೊಣ ಓಡಿಸಲು ಎತ್ತಿದ್ದ ಒಬ್ಬನ ಕೈ ಕೂಡ ಗಡಬಡಿಸಿ ಕೆಳಗಿಳಿಯಿತು. ಆಮೇಲೆ ಒಳಕೋಣೆಯ ಬಾಗಿಲಿಗೆ ಕಂಬಳಿ ಕಟ್ಟಿ, ಎರಡು ಗಡಿಗೆ ಇಟ್ಟೆವು. ಸುಣ್ಣದಲ್ಲಿ ಸೌಟು ಬರೆದದ್ದು ಹುಗ್ಗಿಗೆ, ಲಟ್ಟಣಿಗೆ ಬರೆದದ್ದು ಹೋಳಿಗೆಗೆ. ಒಬ್ಬೊಬ್ಬರ ಕೈಗೆ ಒಂದೊಂದು ಹುಣಸೆ ಬೀಜ. ಹುಣಸೆ ಬೀಜದ ಉಪಾಯ ನನ್ನದು. ಅದಕ್ಕಾಗಿ ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ಮೊದಲನೆಯವನು ಒಳಗೆ ಹೋದ. ‘ಠಣ್’ ಎಂದಿತು. ಕಟ್ಟೆಯ ಮೇಲೆ ಕೂತಿದ್ದ ಗೌಡರು ಕಣ್ಣು ಮುಚ್ಚಿಕೊಂಡು, ‘ಹುಗ್ಗಿ’ ಎಂದರು. ಒಂದು ಗಡಿಗೆ ಹೊಸದು, ಇನ್ನೊಂದು ಹಳೆಯದು; ಹೊಸದರ ಮೇಲೆ ಸೌಟು ಬರೆದದ್ದನ್ನು ಅವರು ನೋಡಿದ್ದರು. ಒಂದು ಠಣ್ ಎಂದರೆ ಇನ್ನೊಂದು ಬದ್ ಎನ್ನುತ್ತಿತ್ತು. ಎರಡನೆಯವನು ಹೋದ. ಗೌಡರು ಕಣ್ಣು ತೆರೆಯದೆ, ಇವನೂ ಹುಗ್ಗಿಯೇ ಎಂದರು. ಗುಟ್ಟಿದೆ ಎಂದು ತೋರಿಸಲು ಬಂದವರು, ಗುಟ್ಟಿಲ್ಲ ಎಂದು ಊರೆದುರಿಗೆ ಸಾಬೀತು ಮಾಡಿದ್ದೆವು. ಹಿಂದೆ ಕೂತಿದ್ದ ಭೀಮವ್ವ ಸೆರಗು ಕೊಡವಿ ಎದ್ದು, ‘ಕೇಳಿದ್ರಿಲ್ಲ ಮಾಸ್ತರ್ರೆ? ಗೌಡರಿಗಿ ಕಿವಿನೂ ಅದಾವ’ ಎಂದು ಹೊರಟಳು. ಆಕೆಯ ಹಿಂದೆ ಇಡೀ ಅಂಬಿಗರ ಓಣಿ ಏಳತೊಡಗಿತು.

ರಾಚಪ್ಪ ಅಡ್ಡ ಬಂದು, ಒಂದು ಗಳಿಗೆ ತಡೆಯಿರಿ ಎಂದು ಬೇಡಿಕೊಂಡ. ಅದು ಹತ್ತಿ ಬಿಡಿಸುವ ಕಾಲ. ಬದಿಯ ಮನೆಯಿಂದ ಒಂದು ಮಡಿಲು ಹತ್ತಿ ತಂದು, ಬೀಜ ತೆಗೆದು, ಒಬ್ಬೊಬ್ಬರಿಗೆ ಒಂದೊಂದು ಎಸಳು ಅರಳೆ ಕೊಟ್ಟ. ಹಾಕಿದ ಬೀಜಗಳನ್ನು ಸುರಿದು ಮೊದಲಿನಿಂದ ಶುರು ಮಾಡಿದೆವು. ಮೊದಲನೆಯವನು ಒಳಗೆ ಹೋದ. ಗೌಡರು ಕಣ್ಣು ಮುಚ್ಚಿದರು. ಏನೂ ಕೇಳಲಿಲ್ಲ. ಅವನು ಹೊರಗೆ ಬಂದ. ಗೌಡರು ಕಣ್ಣು ತೆರೆದು ಕಿವಿ ತುರಿಸಿಕೊಂಡರು. ಹೋಗಲು ನಿಂತಿದ್ದ ಭೀಮವ್ವ ಅದನ್ನು ನೋಡಿದಳು. ತನ್ನ ಅಂಗೈಯ ಅರಳೆಯನ್ನೊಮ್ಮೆ ನೋಡಿಕೊಂಡಳು. ಮತ್ತೆ ಬಂದು ಸಾಲಿನಲ್ಲಿ ನಿಂತಳು.

ಗಂಡಸರು, ಹೆಂಗಸರು, ಗೌಡಸಾನಿಯೂ ಹೋಗಿ ಬಂದರು. ಎಲ್ಲರಿಗಿಂತ ಕೊನೆಗೆ ಗೌಡರೂ ಎದ್ದು ಒಳಗೆ ಹೋದರು. ಸ್ವಲ್ಪ ತಡಮಾಡಿಯೇ ಹೊರಗೆ ಬಂದರು. ಬಾಗಿಲು ಗಿಡ್ಡ, ಮೈ ದೊಡ್ಡದು, ಅದಕ್ಕೇ ಇರಬೇಕು ಎಂದುಕೊಂಡೆ.

ಗಡಿಗೆಗಳನ್ನು ಹೊರಗೆ ತಂದಾಗ ಎಣಿಸುವ ಅಗತ್ಯವೇ ಬೀಳಲಿಲ್ಲ. ಲಟ್ಟಣಿಗೆಯ ಗಡಿಗೆ ಕಂಠದ ತನಕ ಬೆಳ್ಳಗೆ ತುಂಬಿತ್ತು. ಸೌಟಿನ ಗಡಿಗೆಯನ್ನು ಬೋರಲು ಹಾಕಿ ಕೊಡವಿದರೆ ನಾಲ್ಕಾರು ಎಸಳು ಬಿದ್ದು ಗಾಳಿಗೆ ಹಾರಿಹೋದವು. ಗೌಡರ ಮೀಸೆ ಸೆಟೆಯಿತು. ಯಾರು ಹಾಕಿದ್ದು ಹೋಳಿಗೆಗೆ ಎಂದು ಕೇಳಿದರು. ತಾನು ಹುಗ್ಗಿಗೆ ಹಾಕಿದ್ದಾಗಿ ಕುಲಕರ್ಣಿ ಹೇಳಿದ. ತಾನೂ ಹುಗ್ಗಿಗೇ ಎಂದು ಕುಂಬಾರ ಹೇಳಿದ. ಗೌಡಸಾನಿಯೂ ಹುಗ್ಗಿಗೇ ಹಾಕಿದ್ದಳಂತೆ. ಊರಿಗೆ ಊರೇ ಹುಗ್ಗಿಗೆ ಹಾಕಿತ್ತು, ಗಡಿಗೆಯ ತುಂಬ ಹೋಳಿಗೆ ಇತ್ತು. ಕೊನೆಗೆ ಅವರ ಕಣ್ಣು ಭೀಮವ್ವನ ಮೇಲೆ ನಿಂತಿತು. ಆಕೆ ತಲೆ ತಗ್ಗಿಸಲಿಲ್ಲ. ಅವರ ಮುಖವನ್ನೇ ನೋಡುತ್ತ, ‘ನಾನೂ ಹುಗ್ಗಿಗೇ ಹಾಕೀನ್ರಿ, ಗೌಡ್ರ’ ಎಂದಳು.

ಗೌಡರು ಗಡಿಗೆಯನ್ನು ನೋಡಿದರು, ಜನರನ್ನು ನೋಡಿದರು. ಯಾರನ್ನು ಗದರಬೇಕು? ಊರನ್ನೇ ಗದರಲು ಬರುವುದಿಲ್ಲ. ‘ಹೋಳಿಗಿ ಮಾಡಸ್ರಿ’ ಎಂದು ಹೇಳಿ ಎದ್ದುಹೋದರು. ನನಗೆ ಅವತ್ತು ಆದ ಸಂತೋಷವನ್ನು ಹೇಗೆ ಹೇಳಲಿ? ಬಲ್ಲವನೇ ಬಲ್ಲ ಬೆಲ್ಲದ ಸವಿಯ. ಊರವರ ಮುಖದಲ್ಲಿ ನಾನು ಅದುವರೆಗೆ ಕಾಣದ ಒಂದು ತುಂಟತನ ಆಡುತ್ತಿತ್ತು. ಜವಳದ ದಿನ ಊರ ಹೆಂಗಸರೆಲ್ಲ ಕೂಡಿ ಹೋಳಿಗೆ ಬೇಯಿಸಿದರು. ಗೌಡರು ಮಾತಿಲ್ಲದೆ, ತಲೆ ಎತ್ತದೆ, ಬಡಿಸಿದಷ್ಟನ್ನೂ ತಿಂದರು. ಸಿಟ್ಟು ಇನ್ನೂ ಇಳಿದಿಲ್ಲ ಎಂದು ಎಲ್ಲರೂ ಅಂಜಿದರು.

ಆದರೂ ಚುನಾವಣೆಯ ದಿನ ಬೆಳಿಗ್ಗೆ ನಾನು ಆಚೆ ದಂಡೆಯಲ್ಲಿ ನಿಂತು ನೀರಿನ ಕಡೆಯೇ ನೋಡುತ್ತಿದ್ದೆ. ಹೋಳಿಗೆಯ ಧೈರ್ಯ ಓಟಿಗೆ ಸಾಲುತ್ತದೆಯೇ? ಬಿಸಿಲೇರಿದಾಗ ನದಿಯ ನಡುವೆ ಹರಗೋಲು ಕಂಡಿತು. ತುಂಬ ಜನ. ಕೋಲು ಹಿಡಿದ ಮುದುಕ, ಕೂಸನ್ನು ಎದೆಗೆ ಕಟ್ಟಿಕೊಂಡ ತಾಯಿ, ನಡುವೆ ಹುಟ್ಟು ಹಾಕುತ್ತಿದ್ದ ಭೀಮವ್ವ. ಪ್ರಜಾಪ್ರಭುತ್ವ ಸಾಹೇಬರು ರೈಲಿನಲ್ಲಿ ಬರಲಿಲ್ಲ, ಮೋಟಾರಿನಲ್ಲೂ ಬರಲಿಲ್ಲ. ಹರಗೋಲಿನಲ್ಲಿ ಬಂದರು, ಇಳಿಯುವಾಗ ಅವರ ಸೀರೆಯ ಅಂಚು ತೊಯ್ದಿತ್ತು.

ಆಕೆ ಎಲ್ಲರನ್ನೂ ದಾಟಿಸಿ, ತಾನೂ ಓಟು ಹಾಕಿ, ಮಸಿಯ ಬೆರಳನ್ನು ಊದಿಕೊಳ್ಳುತ್ತ ದಂಡೆಗೆ ಬಂದಾಗ ಅಲ್ಲಿ ಗೌಡರು ನಿಂತಿದ್ದರು. ಯಾರಿಗೆ ಹಾಕಿದೆ ಎಂದು ಕೇಳಿಯೇಬಿಟ್ಟರು. ದಂಡೆಯ ಜನರೆಲ್ಲ ಹತ್ತಿರ ಸರಿದರು.

‘ಹುಗ್ಗಿಗಿ ಹಾಕೀನ್ರಿ’ ಎಂದಳು ಭೀಮವ್ವ.

ಯಾರೋ ಒಬ್ಬರು ನಕ್ಕರು, ಆಮೇಲೆ ದಂಡೆಯೇ ನಕ್ಕಿತು. ಗೌಡರು ಧೋತರ ಎತ್ತಿ ಹಿಡಿದು ಅದೇ ಹರಗೋಲನ್ನು ಹತ್ತಿ ಕೂತರು. ಭೀಮವ್ವನೇ ಅವರನ್ನು ಊರಿಗೆ ದಾಟಿಸಿದಳು. ಈಗಲೂ ಆ ಕಡವಿನಲ್ಲಿ ಹರಗೋಲು ಆಕೆಯದೇ.

ಆ ಮಾತು ಆಮೇಲೆ ದಂಡೆಯ ಊರುಗಳಲ್ಲೆಲ್ಲ ನಿಂತುಹೋಯಿತು. ಹೇಳಲು ಮನಸ್ಸಿಲ್ಲದ್ದನ್ನು ಯಾರಾದರೂ ಕೇಳಿದರೆ ‘ಹುಗ್ಗಿಗೆ ಹಾಕೀನಿ’ ಎನ್ನುತ್ತಾರೆ. ಹಬ್ಬದ ಸೀರೆ ಯಾವ ಅಂಗಡಿಯದೆಂದು ಕೇಳಿದಾಗ ನನ್ನ ಹೆಂಡತಿಯೂ ಒಮ್ಮೆ ಹೀಗೇ ಅಂದಳು. ಅದು ರಾಚಪ್ಪನ ಅಂಗಡಿಯದಲ್ಲ ಎಂದು ನನಗೆ ತಿಳಿಯಿತು.

ಈಗ ನಾವು ಹೈದರಾಬಾದಿನವರಲ್ಲ, ಮೈಸೂರು ರಾಜ್ಯದವರು. ಎರಡನೆಯ ಚುನಾವಣೆಯೂ ಮುಗಿದಿದೆ. ಅದು ಮುಗಿದ ಸಂಜೆ ಗೌಡರು ನನ್ನನ್ನು ಮನೆಗೆ ಕರೆದರು. ಊಟಕ್ಕೆ ಹೋಳಿಗೆ ಇತ್ತು. ವಯಸ್ಸಾಗಿದೆ, ಮೀಸೆ ಬೆಳ್ಳಗಾಗಿದೆ. ಹೋಳಿಗೆ ಮುರಿಯುತ್ತ ಅವರು ದನಿ ತಗ್ಗಿಸಿ, ಒಳಗಿನವರಿಗೆ ಕೇಳದ ಹಾಗೆ ಹೇಳಿದರು:

‘ಮಾಸ್ತರ, ಅವತ್ತು ಗಡಿಗ್ಯಾಗ ನಾನೂ ಹೋಳಿಗಿಗೇ ಹಾಕಿದ್ದೆ ನೋಡ್ರಿ. ಸಣ್ಣಾಂವ ಇದ್ದಾಗ ಯಾರದೋ ಮನ್ಯಾಗ, ಹುಗ್ಗಿ ಛಲೋ ಆಗ್ಯಾದ ಅಂದಿದ್ದೆ. ಅವತ್ತಿನಿಂದ ಹೋದಲ್ಲೆಲ್ಲ ಹುಗ್ಗಿನೇ. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ಊರಂತೂ ನನಗ ಅಂಜತಿತ್ತು. ನಾ ಹುಗ್ಗಿಗಿ ಅಂಜತಿದ್ದೆ.’

ಕೋಣೆಯೊಳಗೆ ಅವರು ತಡಮಾಡಿದ್ದು ಬಾಗಿಲು ಗಿಡ್ಡವೆಂದಲ್ಲ ಎಂದು ಆಗ ಹೊಳೆಯಿತು. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಆ ಕಂಬಳಿಯ ಮರೆ ಬೇಕಾಗಿದ್ದವರು ಅವರೇ. ಅವರು ಇಷ್ಟೆಲ್ಲ ಮನಸ್ಸು ಬಿಚ್ಚಿದ ಸಲುಗೆಯಲ್ಲಿ ನಾನು ಮೈಮರೆತೆ. ಇಷ್ಟು ವರ್ಷ ಕಾಯ್ದುಕೊಂಡು ಬಂದ ನಮ್ಮ ಒಂದೇ ಒಂದು ನಿಯಮವನ್ನು ಮುರಿದು, ಹಾಗಾದರೆ ಇವತ್ತಿನ ಓಟು ಯಾರಿಗೆ ಹಾಕಿದಿರಿ ಗೌಡರೇ ಎಂದು ಕೇಳಿಬಿಟ್ಟೆ.

ಗೌಡರು ನನ್ನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿ, ಅದರ ಮೇಲೆ ತುಪ್ಪ ಬಿಟ್ಟು, ನಿಧಾನವಾಗಿ ಮೀಸೆ ಒರೆಸಿಕೊಂಡರು.

‘ಹುಗ್ಗಿಗಿ ಹಾಕೀನ್ರಿ’ ಎಂದರು.