ರಾದಮೆಸ್ ಆರಿಸಿದ ಡೇಟಾಬೇಸ್

ನಮ್ಮೂರು ಸಿಯೆನ್‌ಫ್ವೇಗೋಸ್‌ನಲ್ಲಿ ಕರೆಂಟು ಹೋಗುವ ವೇಳಾಪಟ್ಟಿಯನ್ನು ನಂಬುತ್ತಿದ್ದವನು ರಾದಮೆಸ್ ಒಬ್ಬನೇ. ನಂಬದೆ ಏನು ಮಾಡಿಯಾನು, ವಿದ್ಯುತ್ ಕಚೇರಿಯಲ್ಲಿ ಅಂಥ ಪಟ್ಟಿ ತಯಾರಿಸುತ್ತಲೇ ತಲೆ ನರೆತವನು. ಉಳಿದವರು ನಂಬದಿದ್ದುದರಿಂದ ನನ್ನ ಬ್ಯಾಟರಿ ವ್ಯಾಪಾರ ನಡೆಯುತ್ತಿತ್ತು.

ಅವನ ಹೆಂಡತಿ ಸೆನಾಯ್ದ, ಮಂಡಿಗಳು ಕೈಕೊಟ್ಟ ಮೇಲೆ ನಾಲ್ಕನೇ ಮಹಡಿಯಿಂದ ಇಳಿದದ್ದಿಲ್ಲ. ಅವಳಿಗೆ ನೆಲಮಹಡಿಯ ಮನೆ ಬೇಕಿತ್ತು. ಮನೆ ಕೊಳ್ಳುವ ತಾಕತ್ತು ನಮ್ಮಲ್ಲಿ ಯಾರಿಗಿದೆ? ಮನೆಗೆ ಮನೆ ಅದಲುಬದಲು, ಅಷ್ಟೆ. ಅದಕ್ಕೆಂದೇ ರಾದಮೆಸ್, ಊರವರು ಅದಲುಬದಲಿನ ಜಾಹೀರಾತು ಹಾಕುವಂಥ ಒಂದು ಜಾಲತಾಣ ಕಟ್ಟಲು ಕೂತ. ಅದು ಓಡಬೇಕಾದದ್ದು ಅವನ ಮನೆಯ ಕಂಪ್ಯೂಟರಿನ ಮೇಲೆ. ಮಾರಿದವನು ನಾನೇ. ಹಳೆಯದು ಎಂದು ಹೇಳಿಯೇ ಮಾರಿದೆ; ಎಷ್ಟು ಹಳೆಯದು ಎಂದು ಅವನು ಕೇಳಲಿಲ್ಲ.

ಡೇಟಾಬೇಸ್ ಯಾವುದಿರಬೇಕೆಂಬ ಜಗಳ ನಡೆದದ್ದು ನನ್ನ ಅಂಗಡಿಯೆದುರಿನ ಡಾಮಿನೊ ಮೇಜಿನಲ್ಲಿ. ಎದುರುಮನೆಯ ಯುದೇಸಿ ಪ್ರೋಗ್ರಾಮರ್.

"ಮಾವ, ಜಾಹೀರಾತು ಬಂದ ಕೂಡ್ಲೆ ಡಿಸ್ಕಿಗೆ ಬರ್ಕೊಳ್ಳುತ್ತಲ್ಲ, ಅದನ್ನ ಹಾಕಿ. ಸ್ವಲ್ಪ ನಿಧಾನ. ಆದ್ರೆ ಕರೆಂಟ್ ಹೋದ್ರೂ ಉಳಿಯುತ್ತೆ," ಎಂದಳು.

"ನನ್ನ ಡಬ್ಬದ ಮೇಲೆ ಅದು ತೆವಳುತ್ತೆ ಕಣಮ್ಮ," ಎಂದ ರಾದಮೆಸ್. "ಜನ ಮೊಬೈಲ್ ಡೇಟಾನ ಚಮಚದಲ್ಲಿ ಅಳೆದು ಖರ್ಚು ಮಾಡ್ತಾರೆ, ಕಾಯ್ತಾ ಕೂರ್ತಾರಾ? ಎಲ್ಲಾನೂ ಮೆಮೊರಿಯಲ್ಲೇ ಇಟ್ಕೊಳ್ಳೋ ಡೇಟಾಬೇಸ್ ಆದ್ರೆ ಚಕಚಕ ಅಂತ ತೋರ್ಸುತ್ತೆ. ಕರೆಂಟ್ ಹೋಗೋಕೆ ಸ್ವಲ್ಪ ಮುಂಚೆ ಡಿಸ್ಕಿಗೆ ಬರಿ ಅಂತ ಹೇಳಿಟ್ರಾಯ್ತು."

"ಯಾವಾಗ ಹೋಗುತ್ತೆ ಅಂತ ನಿಮಗೆ ಹೇಗೆ ಗೊತ್ತು?"

"ಪಟ್ಟೀಲಿ ಇದೆಯಲ್ಲ."

ಮೇಜು ಅಲುಗಿ ಬಿಲ್ಲೆಗಳು ಉರುಳುವಷ್ಟು ನಕ್ಕೆವು. ರಾದಮೆಸ್ ತಾನು ಹೇಳಿದ್ದನ್ನೇ ಹಾಕಿ ಸೈಟು ಶುರುಮಾಡಿದ.

ಒಂದು ಮಧ್ಯಾಹ್ನ ಪಟ್ಟಿಯ ವೇಳೆಗೆ ಎಷ್ಟೋ ಮೊದಲೇ ಕರೆಂಟು ಹೋಯಿತು. ಬೆಳಗಿನಿಂದ ಬಂದು ಇನ್ನೂ ಡಿಸ್ಕಿಗೆ ಇಳಿಯದ ಜಾಹೀರಾತುಗಳು ಅದರ ಜೊತೆಗೇ ಹೋದವು. ಏನೇನಿತ್ತೆಂದು ಯಾರಿಗೂ ತಿಳಿಯದು. "ಬೇಕಾದವರು ಮತ್ತೆ ಹಾಕ್ತಾರೆ ಬಿಡು," ಎಂದ ರಾದಮೆಸ್.

ಕೆಲವು ತಿಂಗಳ ಮೇಲೆ ಬಲ್ಬು ಕೊಳ್ಳಲು ಬಂದ ಎವೆಲಿಯೊ ಎಂಬ ಮೀನುಗಾರ ಅಲ್ಲೇ ಕೂತಿದ್ದ ರಾದಮೆಸ್‌ನನ್ನು ನೋಡಿ ಛೇಡಿಸಿದ. "ಏನ್ ಸಾಹೇಬ್ರೆ, ನಿಮ್ಮ ಸೈಟಿಗೆ ನನ್ನ ಮನೆ ಹಿಡಿಸ್ಲಿಲ್ವಾ? ಕೊಲ್ಲಿ ಎದುರಿನ ನೆಲಮಹಡಿ. ಬದಲಿಗೆ ಮೇಲೆಲ್ಲಾದ್ರೂ ಗಾಳಿ ಬರೋ ಮನೆ ಸಾಕು ಅಂತ ಬೆಳಗ್ಗೆ ಹಾಕಿದ್ದೆ. ಸಂಜೆ ನೋಡಿದ್ರೆ ಇಲ್ಲ. ನೀವೇ ತೆಗೆದ್ರೇನೋ ಅಂದ್ಕೊಂಡು ಬೇರೆಯವರಿಗೆ ಕೊಟ್ಬಿಟ್ಟೆ."

ರಾದಮೆಸ್ ವಿಳಾಸ ಕೇಳಿಕೊಂಡು ನನ್ನನ್ನೂ ಎಬ್ಬಿಸಿದ. ಬೀದಿಯಿಂದ ಆ ಮನೆಯೊಳಗೆ ಹೋಗಲು ಒಂದು ಮೆಟ್ಟಿಲೂ ಇರಲಿಲ್ಲ. ಹೊಸ ಮನೆಯೊಡತಿ ಕಾಫಿ ಕೊಟ್ಟಳು. ಅವನು ಕುಡಿಯದೆ ಗೋಡೆಯನ್ನು ಅಂಗೈಯಿಂದ ಸವರಿದ. ಬೆಚ್ಚಗೆ, ಒಣಗಿದ ಗೋಡೆ.

ಮರಳಿ ಬಂದು ನಾಲ್ಕು ಮಹಡಿ ಹತ್ತಿದೆವು.

"ಎಲ್ಲಿ ಅಲೀತಿದ್ದೆ, ಮುದುಕ?" ಎಂದಳು ಸೆನಾಯ್ದ. ಅವನು ಎಲ್ಲ ಹೇಳಿದ, ಬೀದಿಯ ಹೆಸರನ್ನೂ. ಕೊನೆಗೆ, "ಗೋಡೆಯೆಲ್ಲ ತೇವ ಕಣೆ. ನಿಂಗೆ ಹಿಡಿಸ್ತಿರ್ಲಿಲ್ಲ," ಎಂದ.

ಅವಳು ಹುಟ್ಟಿ ಬೆಳೆದದ್ದು ಅದೇ ಬೀದಿಯಲ್ಲಿ.

"ಹೌದು, ಆ ಕಡೆ ಮನೆಗಳೆಲ್ಲ ಹಾಗೇ. ಕೂತ್ಕೋ, ಉಸಿರು ಸುಧಾರಿಸ್ಕೋ," ಎಂದಳು.

ಅವನು ಕೂರದೆ ಅಡುಗೆಮನೆಗೆ ಹೋದ. ಬಹಳ ಹೊತ್ತು ಆಚೆ ಬರಲಿಲ್ಲ. ಸೆನಾಯ್ದ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದಳು: "ಆ ಮನೆ ಕಿಟಕಿಗೆ ಇನ್ನೂ ನೀಲಿ ಬಣ್ಣಾನೇ ಇದೆಯಾ?"

ಇದೆ ಎಂದೆ.