ಏಳು ತೋರಿಸದ ಪೆನ್

ದೇಸಾಯಿ ಮೇಡಂ ಪ್ರಯೋಗ ಶುರು ಮಾಡುವ ಮೊದಲೇ ಅದರ ಉತ್ತರವನ್ನು ಬೋರ್ಡಿನ ಮೂಲೆಯಲ್ಲಿ ಬರೆದುಬಿಡುತ್ತಾರೆ. ಆಮ್ಲ, ಕ್ಷಾರ ಅಳೆಯುವ ನಮ್ಮ ಸಂಸ್ಥೆಯ ಅಗ್ಗದ ಪಿಎಚ್ ಪೆನ್ನುಗಳನ್ನು ತೋರಿಸಲು ನಾನು ಮುಂಬೈ ಬಳಿಯ ಶಹಾಡ್‌ನ ಅವರ ಶಾಲೆಗೆ ಹೋದಾಗಲೂ 'ನಲ್ಲಿ ನೀರು: 7' ಎಂದು ಬರೆದೇ ನಿಂತಿದ್ದರು.

ಪೆನ್ನನ್ನು ನಲ್ಲಿ ನೀರಿಗೆ ಅದ್ದಿದೆ. 5.8 ಬಂತು. ಏಳಕ್ಕಿಂತ ಕಡಿಮೆ, ಅಂದರೆ ಆಮ್ಲ.

"ನಿನ್ನ ಪೆನ್ನಿಗೆ ಲೆಕ್ಕ ಬರೂದಿಲ್ಲೇನವಾ?" ಅಂದರು ಮೇಡಂ. ಮಕ್ಕಳು ನಕ್ಕರು.

ಪೆನ್ ಪರೀಕ್ಷಿಸಲೆಂದೇ ನಾವು ಒಯ್ಯುವ, ಸರಿಯಾಗಿ ಏಳು ಇರುವ ದ್ರಾವಣದಲ್ಲಿ ಅದನ್ನು ಅದ್ದಿದೆ. ಏಳೇ ಬಂತು. ಮತ್ತೆ ನಲ್ಲಿ ನೀರಿಗೆ ಅದ್ದಿದರೆ 5.8. ಇನ್ನೊಂದು ಪೆನ್ನೂ ಅದನ್ನೇ ಹೇಳಿತು.

"ಮೇಡಂ, ಪೆನ್ ಪಾಸ್, ಪಾನಿ ಫೇಲ್!" ಹಿಂದಿನ ಬೆಂಚಿನ ಹುಡುಗಿ ಕೂಗಿದಳು. ಈ ಸಲ ಯಾರೂ ನಗಲಿಲ್ಲ. ಎಲ್ಲರ ಬಾಟಲಿಯಲ್ಲೂ ಅದೇ ನೀರಿತ್ತು, ಮೇಡಂ ಬಾಟಲಿಯಲ್ಲೂ.

ಯಾವುದನ್ನು ನಂಬಬೇಕೋ ನನಗೆ ತಿಳಿಯಲಿಲ್ಲ. ಹದಿನೈದು ವರ್ಷ ಅದೇ ನೀರು ಕುಡಿದ ಮೇಡಂ ಗಟ್ಟಿಮುಟ್ಟಾಗಿ ಎದುರಿಗೇ ಇದ್ದರು. ಪೆನ್ ತಪ್ಪಿದರೆ ಹಿಂದಿನ ಸ್ಕ್ರೂ ತಿರುಗಿಸಿ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನೀರು ತಪ್ಪಿದರೆ ಏನು ತಿರುಗಿಸಬೇಕೆಂದು ಹೇಳಿರಲಿಲ್ಲ. ಪುಟ್ಟ ಸ್ಕ್ರೂಡ್ರೈವರ್ ಕೈಯಲ್ಲೇ ಇತ್ತು.

ಮೇಡಂ ಪಕ್ಕಕ್ಕೆ ಬಂದು ದನಿ ತಗ್ಗಿಸಿದರು.

"ನಾಳೆ ಪ್ರಾಕ್ಟಿಕಲ್ ಪರೀಕ್ಷಾ ಅದ. ಹೊರಗಿನವರು ಬರ್ತಾರ. ಮಕ್ಕಳು ಜರ್ನಲ್‌ನ್ಯಾಗ ಏಳು ಅಂತ ಬರದು ಮುಗಿಸ್ಯಾರ, ಅವರ ಮಾರ್ಕ್ಸ್ ಹೋಗ್ತಾವ. ಆ ಸ್ಕ್ರೂ ಒಂಚೂರು ತಿರುಗಿಸಿ ಕೊಡು, ತಂಗಿ."